ಕಾದಂಬರಿಯಲ್ಲಿ ಇಲ್ಲದ ಸೀಮಾ

ಗದಗಿನಿಂದ ಜಯಂತ ಫೋನು ಮಾಡಿದ್ದ. ಅಲ್ಲಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾನೆ. ಊರಲ್ಲಿ ಯಾರಿಗೆ ಸನ್ಮಾನವಾದರೂ ಅದರ ಕಾರ್ಯದರ್ಶಿ ಅವನೇ. ಕಾದಂಬರಿಕಾರ ಮಹಾದೇವ ಅವರಿಗೆ ಅರವತ್ತು ತುಂಬುತ್ತಿದೆ, ಅಭಿನಂದನ ಗ್ರಂಥ ತರುತ್ತಿದ್ದೇವೆ, ನೀವು ಲಕ್ಷ್ಮೇಶ್ವರದಲ್ಲಿ ಅವರ ಮನೆಗೆ ಗೋಡೆ ಹಚ್ಚಿಕೊಂಡೇ ಇದ್ದವರು, ಅವರ ಬದುಕಿನ ನೋವು ಹೇಗೆ ಕಾದಂಬರಿಯಾಯಿತು ಅಂತ ನಾಲ್ಕು ಪುಟ ಬರೆದುಕೊಡಿ ಎಂದ. ಬರೆಯುತ್ತೇನೆ ಎಂದೆ. ಬರೆದೂ ಬಿಟ್ಟಿದ್ದೇನೆ. ಆದರೆ ಇದು ಮಹಾದೇವನ ಬಗ್ಗೆ ಅಲ್ಲ, ಅವನ ಹೆಂಡತಿ ಸೀಮಾಳ ಬಗ್ಗೆ. ಹಾಕಿಕೊಳ್ಳುವ ಧೈರ್ಯವಿದ್ದರೆ ಹಾಕಿಕೊಳ್ಳಲಿ, ಇಲ್ಲದಿದ್ದರೆ ಒಲೆಗೆ ಹಾಕಲಿ.

ನನ್ನ ಹೆಸರು ಕಮಲಾಬಾಯಿ. ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನನಗೆ ಸಿಟ್ಟು ಜಾಸ್ತಿ ಅಂತ ಊರೆಲ್ಲ ಹೇಳುತ್ತದೆ. ಜಾಸ್ತಿಯೇ. ಸಿಟ್ಟು ಬರುವಂಥದ್ದನ್ನು ಕಣ್ಣಾರೆ ಕಂಡು ಬಾಯಿ ಮುಚ್ಚಿಕೊಂಡು ಕೂಡುವವರನ್ನು ಕಂಡರೆ ಇನ್ನೂ ಜಾಸ್ತಿ.

ಮಹಾದೇವನ ಮನೆತನದ್ದು ಜವಳಿ ವ್ಯಾಪಾರ. ಬಜಾರದ ಅಂಗಡಿಯನ್ನು ಅವನ ಅಪ್ಪ ಹುಚ್ಚೀರಪ್ಪ ನೋಡಿಕೊಳ್ಳುತ್ತಿದ್ದರು. ಮಗನಿಗೆ ಗಲ್ಲೆಯ ಮೇಲೆ ಕೂಡುವುದೆಂದರೆ ಬೇಸರ. ಕತೆ ಬರೆಯುತ್ತಿದ್ದ, ಪತ್ರಿಕೆಗಳಿಗೆ ಕಳಿಸುತ್ತಿದ್ದ, ವಾಪಸು ಬಂದಾಗ ಅವ್ವನ ಮೇಲೆ ರೇಗುತ್ತಿದ್ದ. ಅವನಿಗೆ ಹಿರೇಹಂದಿಗೋಳದಿಂದ ಹೆಣ್ಣು ತಂದರು. ಅವಳೇ ವನಿತಾ, ಸೀಮಾಳ ಅಕ್ಕ. ಹೊಲದಲ್ಲಿ ಬೆಳೆದ ಹುಡುಗಿ, ಅವಳು ನಕ್ಕರೆ ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತನಿ ಕಾಲದಲ್ಲಿ ತವರಿನಿಂದ ಬುಟ್ಟಿ ಬಂದರೆ ಅರ್ಧ ನನಗೇ. ರಾಣಿ ಬಣ್ಣದ ಸೀರೆ ಬಿಟ್ಟು ಬೇರೆ ಉಡುತ್ತಿರಲಿಲ್ಲ, "ಅಕ್ಕೋರ, ಇದರಾಗ ನಾ ಭಾಳ ಚಂದ ಕಾಣತೇನಿ, ಹೌದಿಲ್ಲೋ?" ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಹೌದು ಎನ್ನದೆ ಬಿಡುತ್ತಿರಲಿಲ್ಲ.

ಶೀತಲ್ ಹುಟ್ಟಿ ಇನ್ನೂ ಅಂಬೆಗಾಲಿಡುತ್ತಿದ್ದಾಗ ವನಿತಾಳಿಗೆ ಜ್ವರ ಹತ್ತಿತು. ಲಕ್ಷ್ಮೇಶ್ವರದಲ್ಲಿ ಟೈಫಾಯ್ಡ್ ಎಂದರು, ಗದಗಿನಲ್ಲಿ ಕಾಮಾಲೆ ಎಂದರು, ಹುಬ್ಬಳ್ಳಿಗೆ ಒಯ್ದಾಗ ರಕ್ತದ ಕ್ಯಾನ್ಸರ್ ಎಂದರು. ಕೂಸನ್ನು ಮಹಾದೇವನ ಅವ್ವ ನೀಲಗಂಗವ್ವ ಇಟ್ಟುಕೊಂಡಳು. ಆಸ್ಪತ್ರೆಯಲ್ಲಿ ಇರುವವರು ಯಾರು? ಸೀಮಾ ಆಗ ಗದಗಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತ ಬಿ.ಎ. ಓದುತ್ತಿದ್ದಳು. ಪುಸ್ತಕದ ಚೀಲ ಮನೆಯಲ್ಲಿಟ್ಟು ಬಟ್ಟೆಯ ಚೀಲ ಹಿಡಿದು ಹುಬ್ಬಳ್ಳಿಗೆ ಹೋದಳು. ಪರೀಕ್ಷೆ ಬಂತು, ಹೋಯಿತು. ಅವಳು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ.

ನಾನು ಹುಬ್ಬಳ್ಳಿಗೆ ಹೋದಾಗಲೆಲ್ಲ ನೋಡಿದ್ದು ಇಷ್ಟು. ಒಳಗೆ ಮಂಚದ ಪಕ್ಕ ಸೀಮಾ. ಹೊರಗೆ, ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ, ಮಡಚಿದ ಪತ್ರಿಕೆ ಹಿಡಿದು ಮಹಾದೇವ. ಒಮ್ಮೆ ಕೇಳಿಯೇ ಬಿಟ್ಟೆ, "ಒಳಗ ಹೋಗೂದಿಲ್ಲೇನಪಾ?" ಎಂದು. "ಆ ವಾಸನಿ ನನಗ ಆಗೂದಿಲ್ರೀ ಅಕ್ಕೋರ, ತಲಿ ತಿರುಗತೈತಿ" ಎಂದ. ಇರಲಿ, ಕೆಲವರಿಗೆ ಆಗುವುದಿಲ್ಲ. ಅದಕ್ಕಾಗಿ ನಾನು ಅವನನ್ನು ಆಗಲೂ ಬೈಯಲಿಲ್ಲ, ಈಗಲೂ ಬೈಯುತ್ತಿಲ್ಲ. ಹೆದರಿದ ಗಂಡಸರನ್ನು ಬೇಕಾದಷ್ಟು ನೋಡಿದ್ದೇನೆ.

ಔಷಧದ ಕಾವಿಗೆ ವನಿತಾಳ ಕೂದಲು ಉದುರುತ್ತಿತ್ತು. ಎದ್ದ ಕೂಡಲೇ ದಿಂಬಿನ ಮೇಲೆ ಕೈಯಾಡಿಸಿ ನೋಡುತ್ತಿದ್ದಳಂತೆ. ಅದಕ್ಕೇ ಸೀಮಾ ಅಕ್ಕ ಏಳುವ ಮೊದಲೇ ಎದ್ದು ದಿಂಬಿನ ಮೇಲಿನ ಕೂದಲನ್ನೆಲ್ಲ ಬಳಿದು, ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಚೆಲ್ಲಿ ಬರುತ್ತಿದ್ದಳು. ಅಕ್ಕ ದಿಂಬು ಮುಟ್ಟಿ, "ಇವತ್ತ ಉದರಿಲ್ಲ ನೋಡ" ಎಂದು ಖುಷಿಯಾಗುತ್ತಿದ್ದಳು. ವೈದ್ಯರು ಬೇಡವೆಂದಿದ್ದ ಪುಂಡಿಪಲ್ಯವನ್ನು ಬೇಡಿ ಬೇಡಿ ಅತ್ತಾಗ, ಸೀಮಾ ಹಿರೇಹಂದಿಗೋಳಕ್ಕೆ ಹೋಗಿ ಡಬ್ಬಿಯಲ್ಲಿ ಅಡಗಿಸಿ ತಂದು ಎರಡು ತುತ್ತು ಉಣಿಸಿದಳು. ವನಿತಾ ಹೋದದ್ದು ಒಂದು ಮಧ್ಯಾಹ್ನ, ಸೀಮಾಳ ತೊಡೆಯ ಮೇಲೆ. ಕೊನೆಗೆ ಕೇಳಿದ್ದು, "ಕೂಸಿಗೆ ದವಡಿ ಹಲ್ಲ ಬಂದ್ವೇನ?" ಅಂತ. ಬಂದವು ಅಂತ ಸೀಮಾ ಹೇಳಿದಳು. ಬಂದಿರಲಿಲ್ಲ.

ಮುಂದೆ ಏನಾಯಿತೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಚ್ಚೀರಪ್ಪನವರು ಹಿರೇಹಂದಿಗೋಳಕ್ಕೆ ಹೋಗಿ ಕೂತರು. "ಹೊರಗಿನಾಕಿ ಬಂದ್ರ ಕೂಸಿನ್ನ ನೋಡತಾಳಂತ ಏನ ಗ್ಯಾರಂಟಿ? ಸಣ್ಣಾಕಿನ್ನ ಕೊಡ್ರಿ, ಮನಿ ಮನಿಯಾಗ ಉಳೀತೈತಿ" ಎಂದರು. ಸೀಮಾಳನ್ನು ಯಾರೂ ಕೇಳಲಿಲ್ಲ. ನಾನು ಕೇಳಿದೆ. ಅವಳು ಶೀತಲ್‌ಗೆ ಹಾಲು ಕುಡಿಸುತ್ತಿದ್ದಳು, ತಲೆ ಎತ್ತದೆ, "ಇದು ನನ್ನ ಬಿಟ್ರ ಯಾರ ಕಡೆನೂ ನಿಂದ್ರೂದಿಲ್ರೀ ಅಕ್ಕೋರ" ಎಂದಳು. ಒಪ್ಪಿದ್ದು ಗಂಡನಿಗಲ್ಲ, ಕೂಸಿಗೆ. ಅದನ್ನು ಈ ಊರಲ್ಲಿ ಎಲ್ಲರೂ ಬಲ್ಲರು.

ಇನ್ನೊಂದು ಮಗು ಬೇಡ, ನನಗೆ ಬರೆಯಲು ಶಾಂತಿ ಬೇಕು ಎಂದ ಮಹಾದೇವ. ಅದೂ ಆಯಿತು. ಹೀಗಾಗಿ ಸೀಮಾಳಿಗೆ ಅಂತ ಈ ಜಗತ್ತಿನಲ್ಲಿ ಇದ್ದದ್ದು ಶೀತಲ್ ಒಬ್ಬಳೇ. ಅವಳಿಗೆ ಗೊಬ್ಬರ ಎದ್ದು ಮೈಯೆಲ್ಲ ಗುಳ್ಳೆಯಾದದ್ದು, ಅವಳ ಶಾಲೆಯ ಡಬ್ಬಿ, ಅವಳ ಮೊದಲ ಮುಟ್ಟು, ಬ್ಯಾಂಕಿನ ಪರೀಕ್ಷೆಗೆ ಓದುವಾಗ ಪಕ್ಕದಲ್ಲಿ ಕೂತು ತೂಕಡಿಸಿದ್ದು, ಎಲ್ಲ ಸೀಮಾ. ಶೀತಲ್‌ಗೆ ಬುದ್ಧಿ ತಿಳಿದಾಗಲೇ ನಿನ್ನ ಹಡೆದವ್ವ ಇವಳು ಅಂತ ಫೋಟೋ ತೋರಿಸಿ ಹೇಳಿದವಳೂ ಸೀಮಾಳೇ. ಹುಡುಗಿ ಫೋಟೋಕ್ಕೆ ಕೈಮುಗಿದು, ತಿರುಗಿ ಸೀಮಾಳಿಗೆ "ಅವ್ವಾ, ಹಸಿವಾಗೇತಿ" ಎನ್ನುತ್ತಿದ್ದಳು. ಅಷ್ಟು ಸಾಕಿತ್ತು ಅವಳಿಗೆ.

ಒಂದು ಪದ್ಧತಿ ಹೇಳಬೇಕು. ಅವರ ಮನೆಯಲ್ಲಿ ದಸರೆಗೆ ಮುಂಚಿನ ಮಾನೌಮಿ ಅಮಾವಾಸ್ಯೆಗೆ ಹಿರಿಯರ ಪೂಜೆ. ತೀರಿಕೊಂಡವರ ಹೆಸರಿನಲ್ಲಿ ದೇವರ ಜಗಲಿಯ ಮೇಲೆ ಹೊಸ ಬಟ್ಟೆ ಏರಿಸಿ, ಹೋಳಿಗೆಯ ಎಡೆ ಹಿಡಿಯುತ್ತಾರೆ. ಮುತ್ತೈದೆಯಾಗಿ ಹೋದವಳಿಗೆ ಸೀರೆ, ಕುಬುಸ, ಬಳೆ. ಪೂಜೆ ಮುಗಿದ ಮೇಲೆ ಆ ಸೀರೆಯನ್ನು ಮನೆಯ ಸೊಸೆ ಉಡುತ್ತಾಳೆ. ವನಿತಾಳ ಸೀರೆಯನ್ನು ಸೀಮಾ ಉಡುತ್ತ ಬಂದಳು, ಪ್ರತಿ ವರ್ಷ, ಅದೇ ರಾಣಿ ಬಣ್ಣ. ಜವಳಿ ಅಂಗಡಿಯ ಮನೆಯ ಸೊಸೆ ಸ್ವಾಮಿ! ಥಾನುಗಟ್ಟಲೆ ಬಟ್ಟೆ ಬಿದ್ದಿರುವ ಮನೆ! ಅವಳಿಗೆಂದು ಒಂದು ಸೀರೆ ಆರಿಸಿದವರಿಲ್ಲ. "ವರ್ಷಕ್ಕೊಂದ ಹೊಸಾದ ಬರತೈತಲ್ಲ, ಮತ್ತ್ಯಾಕ?" ಎಂದು ನೀಲಗಂಗವ್ವ ನನ್ನ ಎದುರಿಗೇ ಅಂದಿದ್ದಾಳೆ. ಸೀಮಾ ಮಾತ್ರ ಆ ಸೀರೆಯನ್ನು ಕಣ್ಣಿಗೊತ್ತಿಕೊಂಡು ಉಡುತ್ತಿದ್ದಳು. ಅಕ್ಕ ಒಮ್ಮೆ ಮನೆಗೆ ಬಂದು ಹೋದ ಹಾಗಾಗುತ್ತದೆ ಎನ್ನುತ್ತಿದ್ದಳು.

ಹುಚ್ಚೀರಪ್ಪನವರು ತೀರಿದ ಮೇಲೆ ಅಂಗಡಿಯನ್ನೂ ಅವಳೇ ನಡೆಸಿದಳು. ಸಾಹಿತಿಗಳು, ಅಂದರೆ ಅವಳ ಗಂಡ, ಚಳಿಗಾಲದಲ್ಲಿ ಮಾಗಡಿ ಕೆರೆಯ ದಂಡೆಗೆ ಹೋಗಿ ಹಕ್ಕಿ ನೋಡುತ್ತ ಕೂಡುತ್ತಿದ್ದರು. ಊಟದ ಡಬ್ಬಿ ಇವಳು ಕಟ್ಟಿಕೊಡುತ್ತಿದ್ದಳು. ಅಲ್ಲಿ ಕೂತು ಬರೆದದ್ದೇ ಆ ಕಾದಂಬರಿ. ಹೆಸರು ನಾನು ಬರೆಯುವುದಿಲ್ಲ, ಈಗಾಗಲೇ ಆದ ಪ್ರಚಾರ ಸಾಕು.

ಅದರಲ್ಲಿ ಒಬ್ಬ ಯುವಕ ಇದ್ದಾನೆ. ಅವನ ಹೆಂಡತಿಗೆ ರಕ್ತದ ಕ್ಯಾನ್ಸರ್. ಅವನು ಕೆಲಸ ಬಿಟ್ಟು ಆಸ್ಪತ್ರೆಯಲ್ಲೇ ಇರುತ್ತಾನೆ. ಹೆಂಡತಿ ಏಳುವ ಮೊದಲೇ ಎದ್ದು ದಿಂಬಿನ ಮೇಲಿನ ಕೂದಲನ್ನು ಬಳಿದು ಬಚ್ಚಿಡುತ್ತಾನೆ. ಪುಂಡಿಪಲ್ಯವನ್ನು ಕದ್ದು ತಂದು ಉಣಿಸುತ್ತಾನೆ. ಅವಳು ಅವನ ತೊಡೆಯ ಮೇಲೆ ಸಾಯುತ್ತಾಳೆ, ಸಾಯುವಾಗ "ನೀನೇ ನನ್ನ ಕೊನೆಯ ಬೆಳಕು" ಎನ್ನುತ್ತಾಳೆ. ಥೂ! ದವಡೆ ಹಲ್ಲು ಕೇಳಿದವಳ ಬಾಯಲ್ಲಿ ಬೆಳಕು ಗಿಳಕು ತುರುಕಿದ್ದಾನೆ. ಅವಳಿಗೆ ತಂಗಿ ಇಲ್ಲ. ಅವನು ಮತ್ತೆ ಮದುವೆಯೂ ಆಗುವುದಿಲ್ಲ. ಕೂಸನ್ನು ಎದೆಗವಚಿಕೊಂಡು ಒಬ್ಬನೇ ಬೆಳೆಸುತ್ತಾನೆ. ನಾನು ಕಡೆಯ ಪುಟದವರೆಗೂ ಸೀಮಾಳನ್ನು ಹುಡುಕಿದೆ. ನೀರು ತಂದುಕೊಡುವ ಕೆಲಸದವಳಾಗಿಯಾದರೂ ಇರಬಹುದು ಅಂದುಕೊಂಡೆ. ಇರಲಿಲ್ಲ.

ಇವನಿಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದು ನಾನು ಸೀಮಾಳನ್ನು ಕೇಳಿದೆ. ಹಪ್ಪಳ ಒಣಹಾಕುತ್ತಿದ್ದಳು. ಕೈ ನಿಲ್ಲಿಸಿದಳು.

"ನಾನ ಹೇಳೇನ್ರಿ ಅಕ್ಕೋರ. ಮದುವಿ ಆದ ವರ್ಷ. ಹಿಂಗ ಮಾಳಿಗಿ ಮ್ಯಾಲೆ ಕುಂತಿದ್ದೆ. ಬಂದು ಬಾಜೂಕ ಕುಂತು ಕೇಳಿದ್ರು, ವನಿತಾ ಕಡೀಕಡೀಕ ಹೆಂಗಿದ್ಲು ಅಂತ. ನಾ ಅತ್ಕೊಂತ ಹೇಳಿದೆ. ಮುಂದ? ಮುಂದ? ಅಂತ ಕೇಳಿದ್ರು. ಪಾಪ, ಈ ಮನಷ್ಯಾಗೂ ಒಳಗ ಸಂಕಟ ಐತಿ ಅಂದ್ಕೊಂಡೆ."

ಅವಳ ಮಾತನ್ನು ಅವನು ಅಷ್ಟು ಗಮನವಿಟ್ಟು ಕೇಳಿದ್ದು ಅದೊಂದೇ ಸಲವಂತೆ.

ಸೀದಾ ಹೋಗಿ ಮಹಾದೇವನ ಎದುರು ನಿಂತೆ. "ಏನಿದು?" ಎಂದೆ. ನಕ್ಕ. "ಕಾದಂಬರಿ ಅಂದ್ರ ಕಲ್ಪನಾ ಅಲ್ಲೇನ್ರೀ ಅಕ್ಕೋರ? ಅದರಾಗ ಯಾರ್ಯಾರ ಹಾಜರಿ ಅದ ಅಂತ ನೋಡಾಕ ಅದೇನ ಶಾಲಿ ಏನ್ರಿ?" ಎಂದ. ಕಲ್ಪನೆಯಂತೆ. ಆಗಲಿ, ಕಲ್ಪನೆ ಎಂದೇ ಇಟ್ಟುಕೊಳ್ಳೋಣ. ಬರೆಯುವವನಿಗೆ ತನ್ನ ಮನೆಯ ಸಾವನ್ನು ಬರೆಯುವ ಹಕ್ಕಿದೆ, ಬದಲಿಸುವ ಹಕ್ಕೂ ಇದೆ. ನಾನೂ ನಾಲ್ಕಕ್ಷರ ಓದಿದವಳು. ಆದರೆ ಮರುವಾರವೇ ಮುಂಡರಗಿಯ ಸಭೆಯಲ್ಲಿ ಇದೇ ಮನುಷ್ಯ ಮೈಕಿನ ಮುಂದೆ ಕಣ್ಣೊರೆಸಿಕೊಂಡು, "ಇದರ ಪ್ರತಿ ಅಕ್ಷರವನ್ನೂ ನಾನು ಬದುಕಿದ್ದೇನೆ" ಎಂದ. ಡೋಣಿಯಿಂದ ಬಂದ ಹೆಣ್ಣುಮಗಳೊಬ್ಬಳು ವೇದಿಕೆ ಹತ್ತಿ ಅವನ ಕಾಲಿಗೆ ಬಿದ್ದಳು, ನಿಮ್ಮಂಥ ಗಂಡ ಎಲ್ಲರಿಗೂ ಸಿಗಲಿ ಎಂದಳು. ಬೀಳಿಸಿಕೊಂಡ! ಎರಡೂ ಕೈ ಎತ್ತಿ ಆಶೀರ್ವಾದ ಮಾಡಿದ!

ಅದನ್ನೂ ನುಂಗಿಕೊಳ್ಳಬಹುದಿತ್ತು. ಶೀತಲ್ ಓದಿದಳಲ್ಲ, ಅದೇ ಆಗಬಾರದಿತ್ತು.

ಅವಳು ಗದಗಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ, ಅಲ್ಲೇ ಕೋಣೆ ಮಾಡಿಕೊಂಡಿದ್ದಾಳೆ. ಭಾನುವಾರ ಇಡೀ ಓದಿ, ಸೋಮವಾರ ರಜೆ ಹಾಕಿ ಲಕ್ಷ್ಮೇಶ್ವರಕ್ಕೆ ಬಂದಳು. ಬಂದವಳೇ ಅಪ್ಪನ ಕೊರಳಿಗೆ ಬಿದ್ದು ಅತ್ತಳು. ಹುಟ್ಟಿದಾಗಿನಿಂದ ಅಪ್ಪನ ಹತ್ತಿರ ಹೆಚ್ಚು ಮಾತೇ ಆಡದಿದ್ದ ಹುಡುಗಿ. ಆಮೇಲೆ ಅಡಿಗೆಮನೆಗೆ ಬಂದು ಸೀಮಾಳಿಗೆ, "ಅಪ್ಪ ಅವ್ವಗ ಇಷ್ಟೆಲ್ಲಾ ಮಾಡಿದ್ರು ಅಂತ ನೀ ಒಂದ ದಿನಾನೂ ಹೇಳಲಿಲ್ಲಲ್ಲ" ಎಂದಳು. ಅವ್ವ ಎಂದದ್ದು ವನಿತಾಳನ್ನು. ಸೀಮಾ ರೊಟ್ಟಿ ಬಡಿಯುತ್ತಿದ್ದಳು, ಬಡಿಯುತ್ತಲೇ ಇದ್ದಳು. ಅವತ್ತಿನಿಂದ ಹುಡುಗಿ ಅಪ್ಪನ ಸಭೆಗಳಿಗೆಲ್ಲ ಹೊರಟಳು. ಬೆಟಗೇರಿಯಲ್ಲಿ, ಶಿರಹಟ್ಟಿಯಲ್ಲಿ, ಅಪ್ಪನದು ಮೈಕಿನ ಮುಂದೆ ಅದೇ ಮಾತು, ಕಾದಂಬರಿಯ ಕೂಸು ಅಂತ ಅವಳಿಗೂ ಹಾರ. ಅಲ್ಲಿ ಯಾರಾದರೂ ಇವರ್ಯಾರು ಎಂದು ಸೀಮಾಳನ್ನು ತೋರಿಸಿದರೆ, "ಇವರು ನಮ್ಮ ಚಿಗವ್ವ" ಎನ್ನತೊಡಗಿದಳು. ತಪ್ಪೇನಿಲ್ಲ, ತಾಯಿಯ ತಂಗಿ ಚಿಗವ್ವನೇ ಹೌದು.

"ನಿನ್ನ ಬಾಯಿಗೆ ಏನಾಗ್ಯದ?" ಎಂದು ನಾನು ಸೀಮಾಳ ಮೇಲೆ ಹರಿಹಾಯ್ದೆ. "ಹುಡುಗಿಗೆ ಖರೆ ಹೇಳು."

"ಹೆಂಗ ಹೇಳ್ಲಿ? ಈಗಾರ ಅಪ್ಪ ಅಂತ ಒಬ್ಬಾವ ಸಿಕ್ಕಾನ ಅಕಿಗೆ. ಅದನ್ನ ಕಸಗೊಳ್ಳಾಕ ಹೋದ್ರ ನನ್ನ ನಂಬತಾಳಂತ ಏನ್ರಿ? ಸತ್ತಾಕಿ ಮ್ಯಾಲೆ ಸವತಿಗೆ ಹೊಟ್ಟಿಕಿಚ್ಚು ಅಂತಾಳ. ಅಕಿ ನನ್ನ ಕೈ ಬಿಟ್ರ ನನಗೇನ ಉಳೀತೈತ್ರಿ?"

ಇದೇ ಹೊತ್ತಿಗೆ ಈ ಜಯಂತ ಬಂದು ಒಂದು ಮಾತು ಆಡಿ ಹೋದ. ಗದಗಿನ ದೊಡ್ಡ ಸನ್ಮಾನದಲ್ಲಿ ಸೀಮಾ ವೇದಿಕೆಯ ಮೇಲೆ ಕೂಡುವುದು ಬೇಡವಂತೆ. "ತಪ್ಪು ತಿಳೀಬ್ಯಾಡ್ರಿ, ಕಾದಂಬರಿಯೊಳಗ ನಾಯಕ ಮತ್ತ ಮದುವಿ ಆಗಿಲ್ಲಲ್ರಿ. ಓದುಗರಿಗೆ ಗೊಂದಲ ಆಗ್ತದ" ಎಂದ. ಚಹಾ ಕುಡಿದು ಹೇಳಿದ. ಆ ಚಹಾ ಮಾಡಿಕೊಟ್ಟವಳು ಸೀಮಾ. ಜಯಂತಾ, ನೀನು ಇದನ್ನು ಓದುತ್ತಿದ್ದರೆ ಕೇಳು, ನಿನ್ನ ಪದವಿಗಳನ್ನೆಲ್ಲ ಬಾವಿಗೆ ಹಾಕು.

ಹೋದ ವರ್ಷದ ಮಾನೌಮಿ ಅಮಾವಾಸ್ಯೆ ಬಂತು. ಪ್ರತಿ ವರ್ಷ ಹೋಳಿಗೆಗೆ ನನ್ನನ್ನು ಕರೆಯುತ್ತಾರೆ, ಹೋದೆ. ನೋಡಿದರೆ ಪಡಸಾಲೆಯಲ್ಲಿ ಜಯಂತ, ಅವನ ಜೊತೆ ಕ್ಯಾಮೆರಾ ಹಿಡಿದ ಒಬ್ಬ ಪತ್ರಕರ್ತ. ಸಾಹಿತಿಗಳು ತೀರಿದ ಹೆಂಡತಿಗೆ ಸೀರೆ ಏರಿಸುವುದನ್ನು ಪುರವಣಿಯಲ್ಲಿ ಹಾಕುತ್ತಾರಂತೆ. ವನಿತಾಳ ಫೋಟೋಕ್ಕೆ ಮಲ್ಲಿಗೆ, ಜಗಲಿಯ ಮೇಲೆ ರಾಣಿ ಬಣ್ಣದ ಇಳಕಲ್ಲ ಸೀರೆ. ಸೀಮಾ ಬೆಳಗಿನಿಂದ ಒಲೆಯ ಮುಂದಿದ್ದಳು. ಪೂಜೆ ಮುಗಿಯಿತು. ಸೀಮಾ ಕೈ ಒರೆಸಿಕೊಂಡು, ರೂಢಿಯಂತೆ ಸೆರಗೊಡ್ಡಿ ಜಗಲಿಯ ಮುಂದೆ ಬಂದು ನಿಂತಳು.

ಮಹಾದೇವ ಸೀರೆ ಎತ್ತಿಕೊಂಡು ಅವಳನ್ನು ದಾಟಿ ಹೋದ. "ಈ ವರ್ಷ ಮಗಳು ಉಟ್ಕೊಳ್ಳಲಿ" ಎಂದು ಶೀತಲ್‌ಳ ಕೈಗಿಟ್ಟ. ಕ್ಯಾಮೆರಾ ಮಿಂಚಿತು. ಸೀಮಾಳ ಸೆರಗು ಹಾಗೇ ಒಡ್ಡಿಕೊಂಡಿತ್ತು.

ನಾನು ಬಾಯಿ ತೆರೆಯುವವಳಿದ್ದೆ, ಆಣೆ ಮಾಡಿ ಹೇಳುತ್ತೇನೆ. ಆದರೆ ನನಗಿಂತ ಮೊದಲು ನೀಲಗಂಗವ್ವ ಶುರುಮಾಡಿದಳು. ಮುದುಕಿಗೆ ಅಕ್ಷರ ಬರುವುದಿಲ್ಲ. ಮಗ ಏನೋ ದೊಡ್ಡದು ಬರೆದಿದ್ದಾನೆ ಅಂತಷ್ಟೇ ಗೊತ್ತು, ಒಳಗೇನಿದೆ ಅಂತ ಯಾರೂ ಓದಿ ಹೇಳಿಲ್ಲ. ಪತ್ರಕರ್ತ, "ಅಮ್ಮಾರ, ನಿಮ್ಮ ಮಗನ ಬಗ್ಗೆ ಎರಡ ಮಾತ ಹೇಳ್ರಿ" ಎಂದದ್ದೇ ತಡ, ಹಿಗ್ಗಿ ಹೀರೇಕಾಯಿಯಾದಳು.

"ನನ್ನ ಮಗಂದು ಭಾಳ ಸೂಕ್ಷ್ಮ ಜೀವ ರೀ! ಒಂದ ಹನಿ ರಕ್ತ ನೋಡಿದ್ರ ಬೀಳಾಂವ. ಇವನ ಹೆಣ್ತಿ ಹುಬ್ಬಳ್ಳಿ ದವಾಖಾನಿಯಾಗ ಇದ್ದಾಗ ಬಾಗಲಾ ದಾಟಿ ಒಳಗ ಹೋಗಲಿಲ್ಲ ನೋಡ್ರಿ ಪಾಪ. ಒಮ್ಮಿ ಬಾಗಲ ತನಕ ಹೋಗಿ ವಾಂತಿ ಮಾಡ್ಕೊಂಡು ಬಂದ. ನಾನ ಹೇಳಿದೆ, ನೀ ಹೋಗಬ್ಯಾಡಪ್ಪ, ಸೀಮಾ ಅದಾಳಲ್ಲ ಅಂತ. ಎಲ್ಲಾ ಇಕಿನ ಮಾಡಿದ್ಲು. ಉಚ್ಚಿ ಬಳಿಯೂದು, ಕೂದಲಾ ಆರಿಸೂದು, ಎಲ್ಲಾ. ಜೀವಾ ಹೋದಾಗೂ ಇಂವ ಮನಿಯಾಗ ಇದ್ದ. ಅಷ್ಟು ನಾಜೂಕ ರೀ ನನ್ನ ಮಗ!"

ಹೊಗಳುತ್ತಿದ್ದಳು. ಖರೆ ಹೇಳುತ್ತೇನೆ, ಮನಸ್ಸು ತುಂಬಿ ಮಗನನ್ನು ಹೊಗಳುತ್ತಿದ್ದಳು. ಜಯಂತ ಕೆಮ್ಮಿದ. ಪತ್ರಕರ್ತ ಕ್ಯಾಮೆರಾ ಇಳಿಸಿದ.

"ಅಪ್ಪಾ," ಎಂದಳು ಶೀತಲ್. "ಕೂದಲಾ ಆರಿಸಿದ್ದು ನೀವಲ್ಲ?"

"ಶೀತೂ, ಕಾದಂಬರಿಯಾಗ ಹಂಗ ಹುಡುಕಬಾರದು..."

"ಶಿರಹಟ್ಟಿಯಾಗ ಪ್ರತಿ ಅಕ್ಷರಾ ಬದುಕೇನಿ ಅಂದ್ರಿ. ನಾ ಬಾಜೂಕ ಕುಂತಿದ್ದೆ."

ಮಹಾದೇವ ಅವ್ವನ ಕಡೆ ತಿರುಗಿ, "ನಿನಗ ಯಾರ ಮಾತಾಡಂದಿದ್ರು?" ಎಂದು ಗದರಿದ. ಮುದುಕಿ ಬೆಪ್ಪಾಗಿ, "ನಾ ಏನ ತಪ್ಪ ಅಂದೆ?" ಎಂದು ನಮ್ಮೆಲ್ಲರ ಮುಖ ನೋಡಿದಳು. ಶೀತಲ್ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಸೀಮಾಳ ಹತ್ತಿರ ಬಂದಳು. ಮುಖವೆಲ್ಲ ಕಣ್ಣೀರು. "ಅವ್ವಾ" ಎಂದಳು.

ಈಗ ಸೀಮಾ ಅವಳನ್ನು ತಬ್ಬಿಕೊಂಡು ಅಳುತ್ತಾಳೆ ಎಂದು ನಾನು ಅಂದುಕೊಂಡೆ. ನೀವೂ ಹಾಗೇ ಅಂದುಕೊಂಡಿರುತ್ತೀರಿ. ಮಹಾದೇವ ಬರೆದಿದ್ದರೆ ಹಾಗೇ ಬರೆಯುತ್ತಿದ್ದ.

ಸೀಮಾ ಸೆರಗು ಕೊಡವಿ ಸೊಂಟಕ್ಕೆ ಸಿಗಿಸಿದಳು. ಇಷ್ಟು ವರ್ಷಗಳಲ್ಲಿ ಅವಳು ದನಿ ಎತ್ತರಿಸಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಓಣಿಗೆಲ್ಲ ಕೇಳಿತು.

"ಅವರು ನಾ ಇಲ್ಲ ಅಂತ ಬರದ್ರು. ಬರೀಲಿ. ಅವರ ಕಣ್ಣಿಗೆ ನಾ ಎಂದೂ ಕಂಡಿಲ್ಲ. ನೀ? ನೀ ನನ್ನ ಮೈಮ್ಯಾಲೆ ಬೆಳದಾಕಿ. ನಿನಗ ಜ್ವರಾ ಬಂದ್ರ ಯಾರ ಕುಂಡರತಿದ್ರು ಅಂತ ನಿನಗ ನೆನಪಿಲ್ಲೇನ? ನಿನ್ನ ಅಪ್ಪ ನಿನಗ ಒಂದ ಸಲ ಜಡಿ ಹಾಕ್ಯಾರೇನ? ತಾವೊಬ್ಬರ ನಿನ್ನ ಬೆಳಸಿದ್ರಂತ, ಪುಸ್ತಕದಾಗ! ಅಕ್ಕನ ದವಾಖಾನಿ ನಿನಗ ಗೊತ್ತಿದ್ದಿಲ್ಲ, ಬಿಡು. ನಿನ್ನ ಬೆಳಸಿದ್ದು ನಿನಗ ಗೊತ್ತಿತ್ತಲ್ಲಲೇ! ಅದನ್ನೂ ಓದಿ ಅತ್ತಿಯಲ್ಲ! ಓದಿ ಬಂದು ನನ್ನ ಚಿಗವ್ವ ಅಂದಿ!"

ಶೀತಲ್ ಸೀರೆಯನ್ನು ಅವಳ ಕಡೆ ಚಾಚಿದಳು. ಸೀಮಾ ಮುಟ್ಟಲಿಲ್ಲ.

"ಅವರ ಮ್ಯಾಲೆ ನನಗ ಸಿಟ್ಟಿಲ್ಲ," ಎಂದಳು ಸೀಮಾ. "ನಿನ್ನ ಮ್ಯಾಲೆ ಐತಿ."

ಒಳಗೆ ಹೋಗಿ ಒಲೆ ಆರಿಸಿದಳು. ಅತ್ತೆಗೆ ಗುಳಿಗೆ ಎಲ್ಲಿವೆ ಅಂತ ಹೇಳಿದಳು. ಚೀಲ ಹಿಡಿದು ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಯಾರೂ ತಡೆಯಲಿಲ್ಲ. ಮಹಾದೇವ ಜಯಂತನ ಹತ್ತಿರ ಪುರವಣಿಯ ಫೋಟೋದ ಬಗ್ಗೆ ಪಿಸುಪಿಸು ಮಾತಾಡುತ್ತಿದ್ದ. ಅವನ ತಲೆಯ ಮೇಲೆ ಹೋಳಿಗೆಯ ಹೂರಣ ಸುರಿಯಬೇಕೆನ್ನಿಸಿತು, ಅನ್ನಕ್ಕೆ ಅವಮಾನ ಅಂತ ಬಿಟ್ಟೆ.

ಸೀಮಾ ಈಗ ಹಿರೇಹಂದಿಗೋಳದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಹೊಲಕ್ಕೆ ಹೋಗುತ್ತಾಳೆ, ಓಣಿಯ ಹೆಣ್ಣುಮಕ್ಕಳ ಕುಬುಸ ಹೊಲಿಯುತ್ತಾಳೆ. ಇತ್ತ ಅಂಗಡಿ ವಾರದಲ್ಲಿ ಮೂರ್ನಾಲ್ಕು ದಿನ ಮುಚ್ಚಿರುತ್ತದೆ, ಸಾಹಿತಿಗಳಿಗೆ ಮೀಟರಿನ ಲೆಕ್ಕ ಬರುವುದಿಲ್ಲ. ಮತ್ತೊಂದು ಕಾದಂಬರಿ ಬರೆಯುತ್ತಿದ್ದಾರಂತೆ, ಮಗಳು ದೂರವಾದ ತಂದೆಯ ನೋವಿನ ಬಗ್ಗೆ. ನಾಚಿಕೆ ಎಂಬುದನ್ನು ಇವರು ಯಾವ ಅಂಗಡಿಯಲ್ಲಿ ಮಾರಿ ಬಂದರೋ.

ಶೀತಲ್ ಮಾತ್ರ ರಜೆ ಸಿಕ್ಕಾಗಲೆಲ್ಲ ಗದಗಿನಿಂದ ಹಿರೇಹಂದಿಗೋಳಕ್ಕೆ ಹೋಗುತ್ತಾಳೆ. ಹೋದ ತಿಂಗಳು ನಾನೂ ಹೋಗಿದ್ದೆ. ಸೀಮಾ ಅವಳಿಗೆ ರೊಟ್ಟಿ ಬಡಿದು ಹಾಕಿದಳು, ಕೆನೆಮೊಸರು ಹಾಕಿದಳು, ಹೊರಡುವಾಗ ಸೇಂಗಾ ಹಿಂಡಿ ಕಟ್ಟಿಕೊಟ್ಟಳು. ಹುಡುಗಿ ಹೊಸ್ತಿಲಲ್ಲಿ ನಿಂತು, "ಅವ್ವಾ, ಹೋಗಿ ಬರತೇನಿ" ಎಂದಳು. ಬಸ್ಸು ಬರುವ ಹೊತ್ತಾದರೂ ಕದಲಲಿಲ್ಲ, ಮತ್ತೆ "ಅವ್ವಾ" ಎಂದಳು. ಸೀಮಾ ನಮ್ಮಿಬ್ಬರಿಗೂ ಬೆನ್ನು ಮಾಡಿ ಪಾತ್ರೆ ತಿಕ್ಕುತ್ತಿದ್ದಳು. ಓ ಅನ್ನಲಿಲ್ಲ. ಅನ್ನು ಅಂತ ನಾನೂ ಹೇಳಲಿಲ್ಲ.